ಕಲ್ಲಿನಡಿಯ ಮೊಟ್ಟೆಗಳು

ನಿನ್ನೆ ನದಿಯಲ್ಲಿ ಮೊಣಕಾಲು ಮುಳುಗುವಷ್ಟು ನೀರಿದ್ದ ಕಡೆ ಈ ಬೆಳಿಗ್ಗೆ ಡೆಲ್ಫಿನಳ ಬೂಟಿನ ಅಡಿಯೂ ಸರಿಯಾಗಿ ಒದ್ದೆಯಾಗಲಿಲ್ಲ. ಮೇಲಿನ ಅಣೆಕಟ್ಟಿನವರು ಬಾಗಿಲು ಹಾಕಿದ್ದರು. ಹೆಣ್ಣು ಸಾಲ್ಮನ್ ಮೀನುಗಳು ಮೊಟ್ಟೆಯಿಡಲು ನದಿತಳದ ಕಲ್ಲುಗಳಲ್ಲಿ ಬಾಲ ಸವೆಯುವವರೆಗೆ ಬಡಿದು ತೋಡಿದ್ದ ನಲವತ್ತೊಂದು ಗೂಡುಗಳೂ ಬಿಸಿಲಿಗೆ ಬಿದ್ದಿದ್ದವು.

ಅವಳು ಒಂದು ಗೂಡಿನ ಕಲ್ಲು ಸರಿಸಿದಳು. ಮೇಲಿನ ಮೊಟ್ಟೆಗಳು ಬಿಳಿಚಿ ಸತ್ತಿದ್ದವು. ಗೇಣು ಕೆಳಗೆ ಇನ್ನೂ ಕಿತ್ತಳೆ ಬಣ್ಣವಿತ್ತು, ಮೊಟ್ಟೆಗಳೊಳಗೆ ಮರಿಗಳ ಕಪ್ಪು ಕಣ್ಣುಗಳೂ ಕಂಡವು.

"ಜೀವ ಇದೆ," ಎಂದ ಸೋದರಮಾವ ಎಲ್ವುಡ್. "ಗೋಣಿಚೀಲ ತಾ, ಬಕೆಟ್ ತಾ. ಅಳೋದು ಆಮೇಲೆ."

"ಅಳ್ತಿಲ್ಲ ಮಾವ. ಮೈ ಉರೀತಿದೆ."

ನದಿಯ ನಡುವಿನ ಗುಂಡಿಯಲ್ಲಿ ಉಳಿದಿದ್ದ ನೀರು ಹೊತ್ತು ತಂದು, ಒದ್ದೆ ಗೋಣಿ ಹೊದಿಸಿ ಹತ್ತು ಗೂಡು ನೆನೆಸುವಷ್ಟರಲ್ಲಿ ಅಣೆಕಟ್ಟಿನ ಅಧಿಕಾರಿ ಪ್ರೆಸ್ಕಾಟ್ ಕಾಗದವೊಂದನ್ನು ಹಿಡಿದು ದಡ ಇಳಿದು ಬಂದ.

"ನೀವೇ ಬರೆದುಕೊಟ್ಟಿದ್ದಲ್ವಾ ಮೇಡಂ? ಹೋದ ವಾರದ ಎಣಿಕೆ, ಮೀನು ಸೊನ್ನೆ. ಮೀನೇ ಇಲ್ಲ ಅಂದ್ಮೇಲೆ ರಿಪೇರಿಗೆ ನೀರು ನಿಲ್ಸಿದ್ವಿ."

ಸಹಿ ಅವಳದ್ದೇ; ನದಿಯ ಮೀನು ಎಣಿಸಿ ಅಣೆಕಟ್ಟಿಗೆ ಬರೆದುಕೊಡುವುದು ಅವಳ ಕೆಲಸ. ಆ ಕಾಗದದಲ್ಲಿ ಇದ್ದದ್ದು ಬದುಕಿರುವ ಮೀನಿನ ಲೆಕ್ಕಕ್ಕೆ ಮಾತ್ರ ಜಾಗ. ಮೊಟ್ಟೆಯಿಟ್ಟ ಸಾಲ್ಮನ್ ಸಾಯುತ್ತದೆ, ಮರಿ ಕಲ್ಲಿನಡಿ ಚಳಿಗಾಲ ಕಳೆಯುತ್ತದೆ ಎಂಬುದು ತಲೆಮಾರುಗಳಿಂದ ಈ ನದಿಯ ಮೀನನ್ನೇ ನಂಬಿ ಬಾಳಿದ ಅವಳ ಜನರಲ್ಲಿ ಮಾತು ಕಲಿಯುವ ಕೂಸಿಗೂ ಗೊತ್ತು. ಅದನ್ನೂ ಬರೆದು ತಿಳಿಸಬೇಕೆಂದು ಅವಳಿಗೆ ಹೊಳೆದೇ ಇರಲಿಲ್ಲ. ತನ್ನ ಕೈಯನ್ನೇ ಕಡಿದುಕೊಳ್ಳಬೇಕೆನ್ನುವಷ್ಟು ಸಿಟ್ಟು ಬಂತು ಅವಳಿಗೆ.

"ಹೆತ್ತು ಸತ್ತಿವೆ ಕಣಯ್ಯಾ! ಬಾಣಂತಿ ಸತ್ರೆ ತೊಟ್ಟಿಲನ್ನೂ ಹೂಳ್ತೀಯಾ?"

ಪ್ರೆಸ್ಕಾಟ್ ಕಾಗದ ಮಡಚಿದ. "ನಂಗೆ ಗೊತ್ತಿರ್ಲಿಲ್ಲ."

"ಇಪ್ಪತ್ತು ವರ್ಷ ನದಿಗೆ ಬೀಗ ಹಾಕೋದೇ ಕೆಲ್ಸ ನಿಂದು. ಒಂದಿನ ಇಳಿದು ನೋಡ್ಲಿಲ್ವಾ? ಈಗ್ಲೇ ನೀರು ಬಿಡು."

"ಒಳಗೆ ಜನ ಕೆಲ್ಸ ಮಾಡ್ತಿದಾರೆ. ನೀರು ಬಿಟ್ರೆ ಸಾಯ್ತಾರೆ. ಸೋಮವಾರ ಬಿಡ್ತೀವಿ."

ಇವತ್ತು ಶನಿವಾರ. ಡೆಲ್ಫಿನ್ ಉಳಿದ ಮೂವತ್ತೊಂದು ಗೂಡುಗಳತ್ತ ನೋಡಿದಳು. ಬೈಯುವುದಕ್ಕೂ ಹೊತ್ತಿರಲಿಲ್ಲ. ಬಕೆಟ್ಟನ್ನು ಅವನ ಎದೆಗೆ ತಾಗುವಂತೆ ನೂಕಿದಳು.

"ಸೋಮವಾರದವರೆಗೆ ನೀನೂ ಹೊರು."

ಅವನು ಕಾಗದವನ್ನು ಜೇಬಿಗೆ ಸೇರಿಸಿ ಬಕೆಟ್ ಹಿಡಿದು ನದಿಯತ್ತ ಒಂದು ಹೆಜ್ಜೆ ಇಟ್ಟ.

"ಅಲ್ಲೇ ನಿಲ್ಲು!" ಅವಳು ಚೀರಿದಳು.

ಅವನು ನಿಂತದ್ದು ಗೂಡಿನ ಮೇಲೆ. ಎಲ್ವುಡ್ ಮಂಡಿಯೂರಿದ, ಪ್ರೆಸ್ಕಾಟ್‌ನ ಬೂಟುಗಾಲನ್ನು ಎರಡೂ ಕೈಯಿಂದ ಎತ್ತಿ ಪಕ್ಕಕ್ಕಿಟ್ಟ. ಆಮೇಲೆ ಹೆಜ್ಜೆ ಬಿದ್ದ ಜಾಗದ ಮೇಲೆ ಒದ್ದೆ ಗೋಣಿ ಹೊದಿಸಿ, ಅದರ ಅಂಚುಗಳನ್ನು ಒಂದೊಂದಾಗಿ ಕಲ್ಲಿನಡಿ ಸಿಕ್ಕಿಸಿದ.