ಹುಳುಕು ಬದನೆಯ ಬುಟ್ಟಿ

ತೊಂಬತ್ತೆರಡರ ಚಳಿಗಾಲ. ಬೊಬ್ರುವಾಡದ ಹೊನ್ನ ಅಂಗಡಿಯವನ ಮಾತು ಕೇಳಿ ಬದನೆ ಗಿಡಗಳಿಗೆ ವಾರಕ್ಕೆರಡು ಸಲ ಹುಳದ ಔಷಧ ಹೊಡೆಯುತ್ತಿದ್ದ. ಕಾಯಿಗಳು ಎಣ್ಣೆ ಸವರಿದ ಹಾಗೆ ಹೊಳೆಯುತ್ತಿದ್ದವು. ಪ್ರತಿ ಭಾನುವಾರ ಅವನ್ನು ಬಸ್ಸಿನಲ್ಲಿ ಮಲ್ಲಾಪುರದ ನೌಕರರ ಕ್ವಾರ್ಟರ್ಸಿಗೆ ಒಯ್ದು ಮಾರುವುದು ಹೆಂಡತಿ ದೇವಿಯ ಕೆಲಸ.

ಒಂದು ಶನಿವಾರ ಸಂಜೆ ಸಾರಿಗೆಂದು ದೇವಿ ನಾಲ್ಕು ಕಾಯಿ ಕೊಯ್ಯಲು ಬಗ್ಗಿದಳು. ಹೊನ್ನ ದೂರದಿಂದಲೇ ಕೂಗಿದ.

“ಏ, ಅದು ಬ್ಯಾಡ! ನಿನ್ನೆ ಔಷಧ ಹೊಡ್ದದ್ದು. ನಮ್ಗೆ ಬಾವಿ ಬದಿದು ಕೊಯ್ಕೊ. ಅದ್ಕೆ ನಾ ಹೊಡೂದಿಲ್ಲ.”

ದೇವಿ ನೆಟ್ಟಗೆ ನಿಂತಳು. “ಹಂಗಾರೆ ನಾಳೆ ನಾ ಒಯ್ಯೂದು ಯಾವ್ದು?”

ಹೊನ್ನ ಬೇಲಿಯ ಗೂಟ ಬಡಿಯತೊಡಗಿದ.

ಮಲ್ಲಾಪುರದಲ್ಲಿ ಖಾಯಂ ಗಿರಾಕಿ ದಮಯಂತಿ ಚೌಕಾಸಿ ಮಾಡುವಾಗ ಅವಳ ಎರಡು ವರ್ಷದ ಮಗಳು ರಂಜನಾ ಬುಟ್ಟಿಯ ಎಳೆ ಬದನೆ ಎತ್ತಿ ಕಚ್ಚುವುದಿತ್ತು. ಆ ಪುಟ್ಟ ಹಲ್ಲಿನ ಗುರುತು ನೆನಪಾಗಿ ದೇವಿಗೆ ಊಟ ಸೇರಲಿಲ್ಲ.

ಬೆಳಿಗ್ಗೆ ಅವಳು ಬಾವಿ ಬದಿಯ ಗಿಡಗಳದ್ದನ್ನು ಮಾತ್ರ ಕೊಯ್ದಳು. ಅರ್ಧ ಬುಟ್ಟಿ, ಅದರಲ್ಲೂ ಅರ್ಧಕ್ಕರ್ಧ ತೂತು.

“ಇದ್ನ ಯಾರು ತಕ್ಕಂತ್ರು? ನಗಾಡ್ತ್ರು,” ಎಂದ ಹೊನ್ನ.

“ನಗಾಡ್ಲಿ.”

ಮಲ್ಲಾಪುರದಲ್ಲಿ ಎಲ್ಲರೂ ನಕ್ಕೇ ನಕ್ಕರು. “ಏನ್ ದೇವಿ, ಇವತ್ತು ಹುಳದ ಸಂತೆಯಾ?” ಎಂದಳು ದಮಯಂತಿ.

“ಬಾಯೋರೆ, ಹೊಳೆಯೂದ್ಕೆಲ್ಲ ಔಷಧ ಹೊಡ್ದದ್ದು. ನಾವು ಅದ್ನ ತಿನ್ನೂದಿಲ್ಲ, ಇದ್ನ ತಿನ್ನೂದು. ಇಷ್ಟು ದಿನ ಗೊತ್ತಿಲ್ದೆ ನಿಮ್ಗೆ ಅದ್ನೇ ಕೊಟ್ಟೆ. ತಪ್ಪಾಯ್ತು.”

ದಮಯಂತಿಯ ನಗು ನಿಂತಿತು. ಮಗಳನ್ನು ಎತ್ತಿಕೊಂಡು ಒಳಗೆ ಹೋದಳು. ಈ ಮನೆ ಕೈತಪ್ಪಿತು ಎಂದುಕೊಂಡು ದೇವಿ ಬುಟ್ಟಿ ಹೊರಲು ತಲೆಗೆ ಸಿಂಬಿ ಸುತ್ತುವಷ್ಟರಲ್ಲಿ ದಮಯಂತಿ ಚೀಲ ಹಿಡಿದು ಹೊರಬಂದಳು. ಪಕ್ಕದ ಮನೆಯವರನ್ನೂ ಕರೆದಳು. ತೂತಿರುವ ಕಾಯಿಗಾಗಿಯೇ ಅಲ್ಲಿ ಜಗಳ ಹತ್ತಿತು.

ಖಾಲಿ ಬುಟ್ಟಿಯನ್ನು ಹೊನ್ನ ಮಗುಚಿ ನೋಡಿದ. ಮರುದಿನ ಔಷಧ ಹೊಡೆದ ಕಾಯಿಗಳನ್ನೆಲ್ಲ ಕೊಯ್ದು, ದನಕ್ಕೂ ಹಾಕದೆ, ಬಾವಿಯಿಂದ ದೂರ ಗುಂಡಿ ತೋಡಿ ಮುಚ್ಚಿದ. ಆಮೇಲೆ ಔಷಧ ಬಿಟ್ಟು ದಿನಾ ಬೆಳಿಗ್ಗೆ ಇಬ್ಬರೂ ಬಾಡಿದ ಕುಡಿ ಚಿವುಟಿ, ಹುಳ ಹೆಕ್ಕಿ ಸುಡತೊಡಗಿದರು. ಬೆಳೆ ಕಡಿಮೆಯಾಯಿತು, ಸೊಂಟನೋವು ಹೆಚ್ಚಾಯಿತು, ಆದರೆ ಬುಟ್ಟಿಯಲ್ಲಿ ಒಮ್ಮೆಯೂ ಕಾಯಿ ಉಳಿದು ಬರಲಿಲ್ಲ.

ತಿಂಗಳ ನಂತರ ಹೊನ್ನನೂ ಮಲ್ಲಾಪುರಕ್ಕೆ ಬಂದ. ದಮಯಂತಿಯ ಗಂಡ ಶಾಂತಾರಾಮ ಪರೀಕ್ಷೆ ಮಾಡುವವನಂತೆ ಒಂದು ಬದನೆ ಮುರಿದ. ಒಳಗಿಂದ ದಪ್ಪ ಹುಳವೊಂದು ತಲೆ ಹೊರಹಾಕಿತು.

“ಹೊನ್ನ, ಇದೇನು?”

“ಅದ್ರ ತೂಕ ಹಿಡೂದಿಲ್ಲ ಸಾಹೇಬ್ರೆ,” ಎಂದ ಹೊನ್ನ ಗಂಭೀರವಾಗಿ. “ಅದು ಪುಕ್ಕಟೆ.”

ದೇವಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರೂ ನಗು ತಡೆಯಲಾಗಲಿಲ್ಲ.