ಹುಳ ಮುಟ್ಟದ ಹೂ

ಕೊಳಕೂರಿನ ಗುರಮ್ಮ ಹುಳ ಮುಟ್ಟಿದ ಹೂವನ್ನು ಲಿಂಗಕ್ಕೆ ಏರಿಸಿದವಳೇ ಅಲ್ಲ. ಜೇನು ಗೂಡು ಬಿಡುವ ಮೊದಲೇ ಎದ್ದು, ಜಳಕ ಮಾಡಿ, ಹಣೆಗೆ ವಿಭೂತಿ ಹಚ್ಚಿಕೊಂಡು ಹೂ ಹರಿದು ತರುವುದು ಅವಳ ನೇಮ. ಹುಳ ಕೂತೆದ್ದ ಹೂ ಎಂಜಲು ಎಂದು ಅವಳಿಗೆ ಅತ್ತೆ ಹೇಳಿಕೊಟ್ಟಿದ್ದಳು, ಅತ್ತೆಗೆ ಅವಳ ಅತ್ತೆ. ಶಿವ ಏನೆಂದಿದ್ದನೋ, ಅವನನ್ನು ಯಾರೂ ಕೇಳಿರಲಿಲ್ಲ.

ಸೂರ್ಯಕಾಂತಿ ಆ ಸೀಮೆಗೆ ಹೊಸದಾಗಿ ಬಂದ ಕಾಲ, ಎಂಬತ್ತೆರಡೋ ಎಂಬತ್ತಮೂರೋ ಇದ್ದೀತು. ಗುರಮ್ಮನ ಮಗ ಜಗದೇವಪ್ಪ ಜೇವರ್ಗಿಯ ವ್ಯಂಕಟೇಶನ ಅಂಗಡಿಯಿಂದ ಬೀಜ ತಂದ. ಆ ವರ್ಷ ಅಂಗಡಿಯವನು ಬೀಜ ಒಯ್ದವರಿಗೆಲ್ಲ ಒಂದೊಂದು ಸಣ್ಣ ಬಟ್ಟೆಯ ಚೀಲ ಪುಕ್ಕಟೆ ಕೊಡುತ್ತಿದ್ದ. ಚೀಲದ ಮೇಲೆ ಅಂಗಡಿಯ ಹೆಸರು, ಕೆಳಗೊಂದು ಜೇನುಹುಳದ ಚಿತ್ರ, ಒಳಗೆ ಚೆಂಡುಹೂ ಮತ್ತು ಕಾಮಕಸ್ತೂರಿಯ ಬೀಜ.

ವ್ಯಂಕಟೇಶ ಹೇಳಿದ್ದನ್ನು ಜಗದೇವಪ್ಪ ಮನೆಯಲ್ಲಿ ಒಪ್ಪಿಸಿದ: "ಇವನ್ನ ಹೊಲದ ಒಡ್ಡಿನಗುಂಟ ಚೆಲ್ಲಬೇಕಂತ. ಹೂವಿಗಿ ಜೇನ ಬರ್ತಾವ, ಬಂದವು ಸೂರ್ಯಕಾಂತಿ ಮ್ಯಾಲ ಕೂಡ್ತಾವ. ಕೂತ್ರ ಕಾಳ ತುಂಬ್ತದ, ಇಲ್ಲಂದ್ರ ಬರೇ ಜೊಳ್ಳ."

"ಮತ್ತ ಚೀಲ?" ಎಂದಳು ಗುರಮ್ಮ.

"ಚೀಲ ನಮಗೇ."

"ಹಂಗಾದ್ರ ಚೊಲೋ ಆಯ್ತು," ಎಂದು ಅದನ್ನು ಗೂಟಕ್ಕೆ ಹಾಕಿಸಿದಳು.

ಬಿತ್ತುವ ದಿನ ಬೀಜ ಬಿಡಬೇಕಾದ ಆಳಿನ ಹೆಂಗಸು ಬರಲಿಲ್ಲ. ಜಗದೇವಪ್ಪ ಹೆಂಡತಿ ಸುಂದರಬಾಯಿಯ ಉಡಿಗೆ ಬೀಜ ಸುರಿದ. ಮದುವೆಯಾಗಿ ಎಂಟು ವರ್ಷವಾದರೂ ಅವಳಿಗೆ ಮಕ್ಕಳಿರಲಿಲ್ಲ. ಅಂಥವರ ಕೈಯಿಂದ ಆ ಮನೆಯಲ್ಲಿ ಬೀಜ ಬಿಡಿಸುತ್ತಿರಲಿಲ್ಲ.

"ತನ್ನ ಉಡೀನೇ ತುಂಬಲಾರದಾಕಿ ಕೈಲಿಂದ ಬೀಜ ಬಿಡಸ್ತೀಯೇನಲೇ?" ಒಡ್ಡಿನ ಮೇಲಿಂದ ಗುರಮ್ಮ ಕೇಳಿದಳು. ದನಿ ಏರಿಸಲಿಲ್ಲ. ಅವಳು ಎಂದೂ ಏರಿಸುತ್ತಿರಲಿಲ್ಲ.

"ನೆಲದ ಹಸಿ ಆರಾಕತ್ತದ ಯವ್ವಾ. ಕೈ ಯಾರದಾದ್ರೇನು?"

"ಆಗಲಿ, ಬೆಳೀನೇ ಹೇಳ್ಲಿ. ಕಾಳ ತುಂಬಿದ್ರ ಇಕಿ ಈ ಮನ್ಯಾಗ ಇರ್ಲಿ, ನಾ ಬಾಯಿ ತಗಿಯಂಗಿಲ್ಲ. ಜೊಳ್ಳ ಬಿದ್ರ ಇಕೀನ ತೌರಿಗಿ ಕಳಸು, ನಾ ನೋಡಿದ ಹುಡುಗಿಗಿ ತಾಳಿ ಕಟ್ಟು."

ಎರಡನೆಯ ಮದುವೆಯ ಮಾತಿಗೆ ವರ್ಷಗಟ್ಟಲೆ ಬೇಡ ಬೇಡ ಎಂದು ಅವನೂ ಸೋತಿದ್ದ. ಹೂಂ ಅಂದ. ಸುಂದರಬಾಯಿಗೆ ಎಲ್ಲ ಕೇಳಿಸಿತು. ಕೂರಿಗೆಯ ಹಿಂದೆ ಬೀಜ ಬಿಡುತ್ತ ನಡೆದಳು.

ಚೀಲದ ಬೀಜವನ್ನೂ ಅವಳೇ ಒಡ್ಡಿನಗುಂಟ ಚೆಲ್ಲಿ, ಎದ್ದ ಹೂಗಿಡಗಳಿಗೆ ಕೊಡದಲ್ಲಿ ನೀರು ಹೊತ್ತಳು. ಸೂರ್ಯಕಾಂತಿ ಅರಳುವ ಹೊತ್ತಿಗೆ ಒಡ್ಡು ಹಳದಿಯಾಯಿತು. ಗುರಮ್ಮ ಅದನ್ನು ಕಂಡು ಕಣ್ಣು ಮುಚ್ಚಿ ಕೈ ಮುಗಿದಳು. ಮರುದಿನದಿಂದ ಗೂಟದ ಚೀಲ ತೆಗೆದುಕೊಂಡು ನಸುಕಿನಲ್ಲೇ ಹೊಲಕ್ಕೆ ಹೊರಟಳು. ಒಂದು ಹೂವನ್ನೂ ಬಿಡಲಿಲ್ಲ, ಕಾಮಕಸ್ತೂರಿಯ ತೆನೆ ಸಹ. ಹೊತ್ತು ಮೂಡಿದಾಗ ಒಡ್ಡಿನಲ್ಲಿ ಬರೀ ಹಸಿರು. ಆ ದಿಕ್ಕಿಗೆ ಬಂದ, ಸೂರ್ಯಕಾಂತಿಯ ರೂಢಿ ಇರದ ಒಂದೆರಡು ಹುಳ ಸುತ್ತು ಹೊಡೆದು ಬೇರೆ ಕಡೆ ಹೋದವು.

ಸುಂದರಬಾಯಿ ಬಾಗಿಲಲ್ಲಿ ತಡೆದು ಕಾಲು ಹಿಡಿದಳು. "ಅತ್ತಿ, ಸೂರ್ಯಕಾಂತಿ ಬಾಡೋತನಕ ಅಷ್ಟ ಒಡ್ಡಿನ ಹೂ ಬಿಡ್ರಿ. ಹುಳ ಬರ್ಲಿ. ನನ್ನ ಬದುಕ ಅದರಾಗ ಅದರಿ."

"ಹುಳದ ಎಂಜಲ ದೇವರಿಗಿ ಏರ್ಸಲೇನು?"

"ಅರ್ಧರ ಬಿಡ್ರಿ."

"ದೇವರಿಗಿ ಅರ್ಧ, ಹುಳಕ್ಕ ಅರ್ಧ. ಚೊಲೋ ಪಾಲ ಮಾಡ್ತೀ ಬೇ," ಎಂದು ಗುರಮ್ಮ ನಕ್ಕು, ಅವಳ ಕೈ ಬಿಡಿಸಿಕೊಂಡು ನಡೆದಳು. ಅಂಗಡಿಯವನ ಮಾತನ್ನು ಅವಳು ಮರೆತಿರಲಿಲ್ಲ, ನಂಬಿರಲೂ ಇಲ್ಲ. ಅವಳ ನಂಬಿಕೆಯೆಲ್ಲ ಬೇರೆ ಕಡೆ ವೆಚ್ಚವಾಗಿತ್ತು. ಅಂಥವರ ಕೈಗೆ ಸಿಕ್ಕ ದೇವರನ್ನು ದೇವರೇ ಕಾಯಬೇಕು.

ರಾಶಿಯ ದಿನ ಕಣದಲ್ಲಿ ಹತ್ತು ಮಂದಿ ಕೂಡಿದ್ದರು. ಗುರಮ್ಮ ಒಂದು ಕಾಳನ್ನು ಉಗುರಿನಲ್ಲಿ ಸೀಳಿದಳು. ಒಳಗೆ ಏನಿಲ್ಲ. ಇನ್ನೊಂದು ಸೀಳಿದಳು, ಅದೂ ಹಾಗೇ. ತೂರಿದಾಗ ರಾಶಿಯ ಮುಕ್ಕಾಲು ಪಾಲು ಗಾಳಿಗೆ ಹೋಯಿತು. ಜಗದೇವಪ್ಪ ತಲೆ ಎತ್ತಲಿಲ್ಲ.

ಗುರಮ್ಮ ಸೊಸೆಯನ್ನು ಹತ್ತಿರ ಕರೆದಳು. "ಸೆರಗ ಒಡ್ಡು. ತೌರಿಗಿ ಹೋಗಾಕಿಗಿ ಬರೀ ಉಡೀಲಿಂದ ಕಳಸಬಾರದು."

ಸುಂದರಬಾಯಿ ಏನೆಂದು ತಿಳಿಯದೆ ಸೆರಗು ಒಡ್ಡಿದಳು. ಗುರಮ್ಮ ಬೊಗಸೆ ಬೊಗಸೆ ಜೊಳ್ಳು ಮೊಗೆದು ಅವಳ ಉಡಿ ತುಂಬಿ, ಹಣೆಗೆ ಕುಂಕುಮ ಹಚ್ಚಿದಳು. ಯಾರೋ ಒಬ್ಬರು ನಕ್ಕರು. ಸುಂದರಬಾಯಿ ಸೆರಗು ಕೊಡವಲಿಲ್ಲ. ಹಾಗೇ ಹೊತ್ತುಕೊಂಡು ಮಣ್ಣೂರಿನ ತೌರಿಗೆ ಹೋದಳು.

ಮುಂದಿನ ಮಳೆಗಾಲಕ್ಕೆ ಮನೆಯಲ್ಲಿ ಹೀರಾಬಾಯಿ ಇದ್ದಳು, ಎಳೆಯ ಹುಡುಗಿ, ಹೊತ್ತೇರಿದ ಮೇಲೆ ಏಳುವವಳು. ಸೂರ್ಯಕಾಂತಿ ಮೊಗ್ಗಾಗುವ ಹೊತ್ತಿಗೆ ಗುರಮ್ಮ ಬಾವಿಯ ಮೆಟ್ಟಿಲಲ್ಲಿ ಜಾರಿ ಸೊಂಟ ಮುರಿದುಕೊಂಡಳು. ಕಾಳಿಗೆ ಬೀಳುವ ಗಿಳಿ ಕಾಯಲು ಮನೆಮಂದಿಯೆಲ್ಲ ಹೊಲದ ಗುಡಿಸಲಿಗೆ ಹೋದಾಗ ಅವಳು ಮಲಗಿದ್ದ ಹೊರಸನ್ನೂ ಒಯ್ದರು.

ಹೋದ ವರ್ಷ ರಾಶಿಯಾದ ಮೇಲೆ ಯಾರೂ ಹರಿಯದೆ ಬಿಟ್ಟ ಹೂವಿನ ಬೀಜ ಉದುರಿ ಒಡ್ಡಿನ ತುಂಬ ಹೂವು ತಾನಾಗಿ ಎದ್ದಿತ್ತು. ಹರಿಯುವವರು ಇರಲಿಲ್ಲ. ಗುರಮ್ಮ ಬಿಲ್ವಪತ್ರಿಯಲ್ಲೇ ಪೂಜೆ ಮುಗಿಸಿ ಮಲಗಿಕೊಂಡು ಕೇಳುತ್ತಿದ್ದಳು: ಬೆಳಗಾದರೆ ಹೊಲವೇ ಗುಂಯ್ ಎನ್ನುತ್ತಿತ್ತು. ತೆನೆಗಳು ಭಾರಕ್ಕೆ ಕತ್ತು ಬಾಗಿಸಿದವು. ಮಗ ತಂದುಕೊಟ್ಟ ಕಾಳನ್ನು ಸೀಳಿ ನೋಡಿದಳು. ಬೆಳ್ಳಗೆ, ಗಟ್ಟಿಯಾಗಿ ತುಂಬಿತ್ತು. ಆ ಹೊತ್ತಿಗೆ ಅವಳಿಗೆ ಎಲ್ಲ ತಿಳಿಯಿತು. ಎದೆಯ ಮೇಲಿನ ಲಿಂಗದ ಮೇಲೆ ಕೈ ಇಟ್ಟುಕೊಂಡಳು.

ಊರೂರು ತಿರುಗುವ ಬಳೆಗಾರ್ತಿ ಪೀರಬಿ ಆ ದಿನವೇ ಬಂದಳು. ಹೀರಾಬಾಯಿಗೆ ಬಳೆ ಇಡುತ್ತ, "ಹೊಸ ಸೊಸಿ ಕಾಲ್ಗುಣ ಚೊಲೋ ಅದ ಅಂತಾರ ಊರಾಗ," ಎಂದಳು. ಆಮೇಲೆ ಹೊರಸಿನ ಹತ್ತಿರ ಬಂದು ದನಿ ತಗ್ಗಿಸಿದಳು: "ಗುರಮ್ಮವ್ವ, ಮಣ್ಣೂರಾಗ ಸುಂದರಬಾಯಿ ಕೇಳಾಕತ್ತಾಳ್ರಿ. ಈ ಸಲ ಕಾಳ ತುಂಬ್ಯಾವೇನು ಅಂತ. ಏನ್ ಹೇಳ್ಲಿ? ಪಾಪ, ತನ್ನ ಕೈಯೇ ಕೆಟ್ಟದ್ದು ಅಂತ ತಿಳ್ಕೊಂಡು ತೌರಿನ ಹೊಲದಾಗೂ ಬೀಜ ಮುಟ್ಟವಲ್ಲಳು."

ಒಂದು ಮಾತು ಸಾಕಿತ್ತು. ಗುರಮ್ಮ ಒಡ್ಡಿನ ಕಡೆ ನೋಡಿದಳು.

"ತುಂಬ್ಯಾವ ಅನ್ನು," ಎಂದಳು. "ಅಕಿ ಹೋದಳು, ತುಂಬಿದವು. ಹಿಂಗ ಅಂತ ಹೇಳು."

ಪೀರಬಿ ಬುಟ್ಟಿ ಹೊತ್ತು ಹೋದಳು. ಹೀರಾಬಾಯಿ ಹೊಸ ಬಳೆ ಸದ್ದು ಮಾಡುತ್ತ ಮನೆಯಿಂದ ತಂದಿದ್ದ ಆ ಬಟ್ಟೆಯ ಚೀಲವನ್ನು ಗುಡಿಸಲ ಗೂಟದಿಂದ ತೆಗೆದಳು.

"ಅತ್ತಿ, ನಾಳಿಂದ ನಸಿಕಿಲೇ ಎದ್ದು ನಿಮ್ಮ ಪೂಜಿಗಿ ಹೂ ತರ್ತೇನ್ರಿ."

"ಬ್ಯಾಡವಾ," ಎಂದಳು ಗುರಮ್ಮ, ಮೆಲ್ಲಗೆ. "ಒಡ್ಡಿನ ಹೂ ಯಾರೂ ಮುಟ್ಟಬ್ಯಾಡ್ರಿ. ಹುಳ ಕೂಡ್ಲಿ."