ಮೊಳೆಯದ ಕಾಳು

ಕಾರಟಗಿಯ ನಮ್ಮ ಓಣಿಯಲ್ಲಿ ಬಿತ್ತುವ ಮೊದಲು ಭತ್ತದ ಬೀಜ ಪರೀಕ್ಷಿಸುವವಳು ನಾನು. ನೂರು ಕಾಳು ಎಣಿಸಿ ಹಸಿ ಗೋಣಿತಟ್ಟಿನಲ್ಲಿ ಸುತ್ತಿಡುತ್ತೇನೆ. ಮೊಳಕೆ ಕಡಿಮೆ ಬಂದರೆ ಬೀಜದಂಗಡಿಗೆ ಹೋಗಿ ಜಗಳ ತೆಗೆಯುವವಳೂ ನಾನೇ.

ಕೆಮ್ಮೆಂದು ಹೋದರೆ ಡಾಕ್ಟರು ಸ್ಕ್ಯಾನ್ ಮಾಡಿಸಿ, ಶ್ವಾಸಕೋಶದಲ್ಲೊಂದು ಬಿಳಿ ಚುಕ್ಕೆ ತೋರಿಸಿದರು.

"ಜ್ವಾಳದ ಕಾಳಿನಷ್ಟು ಗಂಟು ಐತ್ರಿ ಶಂಕ್ರಮ್ಮಾರ. ಏನಂತ ಈಗ ಹೇಳಾಕ ಬರೂದಿಲ್ಲ. ಮೂರು ತಿಂಗಳು ಬಿಟ್ಟು ಬೆಳದೈತೇನು ನೋಡೂಣು."

"ಅಂದ್ರ ನನ್ನ ಎದಿನ ಗೋಣಿತಟ್ಟು ಮಾಡಿದ್ರಿ" ಎಂದು ರೇಗಿ ಎದ್ದು ಬಂದೆ.

ಆಮೇಲೆ ಉಸಿರೆಳೆದಾಗಲೆಲ್ಲ ಒಳಗೆ ಕಾಳು ನೆನೆಯುತ್ತಿದೆ ಎನಿಸುತ್ತಿತ್ತು. ಆದರೂ ನಾಟಿಗೆ ಇಳಿದೆ, ಕಳೆ ಕಿತ್ತೆ. ಗದ್ದೆ ನನ್ನ ಸ್ಕ್ಯಾನಿಗೆ ಕಾಯುತ್ತದೆಯೇ?

ಇವತ್ತು ಡಾಕ್ಟರು ಹಳೆಯ ಚಿತ್ರ, ಹೊಸ ಚಿತ್ರ ಪಕ್ಕಪಕ್ಕ ಇಟ್ಟು ನಕ್ಕರು. "ಕೂದಲೆಳಿಯಷ್ಟೂ ಬೆಳದಿಲ್ರಿ. ಇನ್ನ ವರ್ಷ ಬಿಟ್ಟು ನೋಡಿದ್ರ ಸಾಕು."

ಪೇಢೆ ಕಟ್ಟಿಸಿಕೊಂಡು ಬರುವಾಗ ಬೀಜದಂಗಡಿಯ ವೆಂಕೋಬ ನನ್ನನ್ನು ಕಂಡು ಗಾಬರಿಯಾದ.

"ಮತ್ತ ಯಾವ ಬೀಜ ಮೊಳಕಿ ಒಡಿಲಿಲ್ರಿ, ಅಕ್ಕಾರ?"

"ನನ್ನ ಎದ್ಯಾಗಿಂದು ಒಡಿಲಿಲ್ಲೋ! ಬಾಯಿ ತೆಗಿ" ಎಂದು ಪೇಢೆ ತುರುಕಿದೆ.